ಕಡಲಾಮೆಗಳ ಉಳಿವು ಯಾರ ಕೈಯಲ್ಲಿದೆ? ಕಾನೂನು, ಬಲೆ ಮತ್ತು ಕರಾವಳಿ ಜನರ ತಿಳಿವಳಿಕೆ

2025ರ ಜನವರಿಯಲ್ಲಿ ಚೆನ್ನೈ ಸುತ್ತಮುತ್ತಲಿನ ಕಡಲತೀರಗಳಿಗೆ ಸತ್ತ ಆಮೆಗಳು ಒಂದರ ಹಿಂದೆ ಒಂದರಂತೆ ಬಂದು ಬಿದ್ದವು. ಸಂಖ್ಯೆ ಸಾವಿರ ದಾಟಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮುಂದಿನ ತಿಂಗಳೇ ಒಡಿಶಾದ ಋಷಿಕುಲ್ಯ ನದಿಯ ಅಳಿವೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಮೆಗಳು ಮೊಟ್ಟೆ ಇಟ್ಟವು ಎಂಬ ಸಂತಸದ ಸುದ್ದಿ ಬಂತು.

ಎರಡೂ ಸುದ್ದಿಗಳು ಒಂದೇ ಜಾತಿಯ ಆಮೆಯ ಬಗ್ಗೆ: ಆಲಿವ್ ರಿಡ್ಲೆ. ಹಾಗಾದರೆ ಈ ಆಮೆಗಳು ಹೆಚ್ಚುತ್ತಿವೆಯೇ, ಕಡಿಮೆಯಾಗುತ್ತಿವೆಯೇ? ಕಾನೂನಿನ ರಕ್ಷಣೆ ಇದ್ದರೂ ಅವು ಏಕೆ ಸಾಯುತ್ತಿವೆ? ಕರಾವಳಿಯ ಸಾಮಾನ್ಯ ಜನ ಇದರಲ್ಲಿ ಏನು ಮಾಡಬಹುದು? ಒಂದೊಂದಾಗಿ ನೋಡೋಣ.

ಕಡಲಾಮೆ ಮತ್ತು ಕೆರೆಯ ಆಮೆ ಒಂದೇ ಅಲ್ಲ

ಕೆರೆ, ನದಿಗಳಲ್ಲಿ ನಾವು ನೋಡುವ ಆಮೆಗಳು ಹೆದರಿದಾಗ ತಲೆ ಮತ್ತು ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತವೆ. ಕಡಲಾಮೆಗಳಿಗೆ ಅದು ಸಾಧ್ಯವಿಲ್ಲ. ಅವುಗಳ ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ, ಈಜಲು ತಕ್ಕಂತೆ ಬೆಳೆದಿವೆ. ಗಂಡು ಆಮೆ ಒಮ್ಮೆ ನೀರಿಗಿಳಿದ ಮೇಲೆ ದಡಕ್ಕೆ ಬರುವುದೇ ಅಪರೂಪ. ಹೆಣ್ಣು ಬರುವುದು ಮೊಟ್ಟೆ ಇಡಲು ಮಾತ್ರ.

ಜಗತ್ತಿನಲ್ಲಿ ಏಳು ಜಾತಿಯ ಕಡಲಾಮೆಗಳಿವೆ. ಅವುಗಳಲ್ಲಿ ಐದು ಭಾರತದ ಸಮುದ್ರದಲ್ಲಿ ಕಾಣಸಿಗುತ್ತವೆ: ಆಲಿವ್ ರಿಡ್ಲೆ, ಹಸಿರಾಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್ ಮತ್ತು ಲಾಗರ್‌ಹೆಡ್. ಲಾಗರ್‌ಹೆಡ್ ಬಿಟ್ಟು ಉಳಿದ ನಾಲ್ಕು ಜಾತಿಗಳು ನಮ್ಮ ದೇಶದ ತೀರ ಮತ್ತು ದ್ವೀಪಗಳಲ್ಲಿ ಮೊಟ್ಟೆ ಇಡುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಮೊಟ್ಟೆ ಇಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲೆ. ಎಲೆ ಹಸಿರು ಮತ್ತು ಬೂದು ಬೆರೆತ ಬಣ್ಣದ ಈ ಆಮೆಯ ಚಿಪ್ಪು ಸುಮಾರು ಎರಡು ಅಡಿ ಉದ್ದವಿರುತ್ತದೆ. ತೂಕ 35ರಿಂದ 50 ಕಿಲೋ.

ಗೂಡಿನಿಂದ ಕಡಲಿಗೆ: ಅಪಾಯದ ದಾರಿ

ಹೆಣ್ಣು ಆಮೆ ರಾತ್ರಿ ಹೊತ್ತು ಅಲೆಯ ಗೆರೆ ದಾಟಿ ಒಣ ಮರಳಿಗೆ ಬರುತ್ತದೆ. ಹಿಂಗಾಲಿನಿಂದ ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರಿಂದ ನೂರಿಪ್ಪತ್ತು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯಿಂದ ಅದನ್ನು ಒತ್ತಿ ಗಟ್ಟಿ ಮಾಡಿ ಹೊರಟು ಹೋಗುತ್ತದೆ. ಮತ್ತೆ ಆ ಗೂಡಿನ ಕಡೆ ತಿರುಗಿ ನೋಡುವುದಿಲ್ಲ. ಮೊಟ್ಟೆಗಳಿಗೆ ಕಾವು ಕೊಡುವುದು ಬಿಸಿಲಿಗೆ ಕಾದ ಮರಳು.

ಮರಿ ಗಂಡಾಗುತ್ತದೋ ಹೆಣ್ಣಾಗುತ್ತದೋ ಎಂಬುದನ್ನು ನಿರ್ಧರಿಸುವುದೂ ಆ ಮರಳಿನ ತಾಪಮಾನವೇ. ಸುಮಾರು 29–30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ. ಅದಕ್ಕಿಂತ ಬಿಸಿಯಾದರೆ ಹೆಣ್ಣು ಹೆಚ್ಚು, ತಂಪಾದರೆ ಗಂಡು ಹೆಚ್ಚು. ಬಿಸಿ ಮಿತಿ ಮೀರಿದರೆ ಭ್ರೂಣವೇ ಸಾಯುತ್ತದೆ. ಭೂಮಿಯ ತಾಪಮಾನ ಏರುತ್ತಿರುವುದು ಆಮೆಗಳಿಗೆ ಏಕೆ ಸಮಸ್ಯೆ ಎಂಬುದು ಇದರಿಂದ ಅರ್ಥವಾಗುತ್ತದೆ.

ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಸಾಮಾನ್ಯವಾಗಿ ರಾತ್ರಿ, ಮರಳು ತಣಿದ ಮೇಲೆ. ಬರಿ ತೀರದಲ್ಲಿ ಕತ್ತಲಾಗಿರುವುದು ನೆಲದ ಕಡೆ, ಬೆಳಕಾಗಿರುವುದು ಕಡಲಿನ ಕಡೆ. ಮರಿಗಳು ಬೆಳಕಿದ್ದ ಕಡೆಗೆ ಓಡುತ್ತವೆ. ಆದರೆ ರೆಸಾರ್ಟ್, ರಸ್ತೆ ಅಥವಾ ಮನೆಯ ದೀಪ ಕಡಲಿಗಿಂತ ಪ್ರಕಾಶಮಾನವಾಗಿದ್ದರೆ ಅವು ಉಲ್ಟಾ ದಿಕ್ಕಿಗೆ ಹೋಗುತ್ತವೆ. ನಾಯಿ, ನರಿ, ಕಾಗೆ, ಏಡಿಗಳ ಬಾಯಿಗೆ ಸಿಗುತ್ತವೆ, ಇಲ್ಲವೇ ಬೆಳಗಿನ ಬಿಸಿಲಿಗೆ ಒಣಗಿ ಸಾಯುತ್ತವೆ.

ಕಡಲು ಸೇರಿದ ಮೇಲೂ ದಾರಿ ಸುಲಭವಲ್ಲ. ಸಾವಿರ ಮರಿಗಳಲ್ಲಿ ಒಂದು ದೊಡ್ಡದಾಗಿ ಬೆಳೆಯಬಹುದು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಆ ಒಂದು ಆಮೆ ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕೂ ಮಿಕ್ಕಿ ಕಾಲ ಬೇಕು. ಹಾಗಾಗಿ ಬಲೆಗೆ ಸಿಕ್ಕಿ ಸತ್ತ ಒಂದು ದೊಡ್ಡ ಹೆಣ್ಣು ಆಮೆಯ ನಷ್ಟವನ್ನು ನೂರು ಮರಿಗಳನ್ನು ಕಡಲಿಗೆ ಬಿಟ್ಟು ತುಂಬಲಾಗದು. ಮರಿ ಬಿಡುವ ಫೋಟೋಗಳನ್ನಷ್ಟೇ ನೋಡಿ ಸಂರಕ್ಷಣೆ ಎಂದರೆ ಇಷ್ಟೇ ಅಂದುಕೊಳ್ಳುವವರು ಈ ಲೆಕ್ಕವನ್ನು ನೆನಪಿಡಬೇಕು.

ದೊಡ್ಡ ಆಮೆಗಳು ಸಾಯುವುದು ಹೇಗೆ?

ಆಮೆ ಕಡಲಲ್ಲಿ ಬದುಕಿದರೂ ಉಸಿರಾಡುವುದು ನಮ್ಮಂತೆ ಗಾಳಿಯನ್ನೇ. ವಿಶ್ರಾಂತಿಯಲ್ಲಿದ್ದಾಗ ಅದು ಬಹಳ ಹೊತ್ತು ನೀರಿನಡಿ ಇರಬಲ್ಲದು. ಬಲೆಗೆ ಸಿಕ್ಕಿ ಒದ್ದಾಡಿದಾಗ ದೇಹದ ಆಮ್ಲಜನಕ ಬೇಗ ಖಾಲಿಯಾಗುತ್ತದೆ. ಟ್ರಾಲ್ ಬೋಟುಗಳು ಬಲೆಯನ್ನು ಗಂಟೆಗಟ್ಟಲೆ ನೀರಿನಡಿ ಎಳೆಯುತ್ತವೆ. ಬಲೆ ಮೇಲೆ ಬರುವಷ್ಟರಲ್ಲಿ ಆಮೆ ಮುಳುಗಿ ಸತ್ತಿರುತ್ತದೆ.

ಇದಕ್ಕೆ ಪರಿಹಾರ ಇದೆ. ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್, ಚಿಕ್ಕದಾಗಿ ಟಿಇಡಿ ಎಂಬ ಸಾಧನ. ಟ್ರಾಲ್ ಬಲೆಯ ಚೀಲಕ್ಕೆ ಮುಂಚೆ ಲೋಹದ ಸರಳುಗಳ ಒಂದು ಚೌಕಟ್ಟನ್ನು ಓರೆಯಾಗಿ ಕೂರಿಸುತ್ತಾರೆ. ಸಿಗಡಿ, ಸಣ್ಣ ಮೀನು ಸರಳುಗಳ ನಡುವೆ ನುಸುಳಿ ಚೀಲ ಸೇರುತ್ತವೆ. ಆಮೆ ಸರಳಿಗೆ ತಾಗಿ, ಪಕ್ಕದ ಕಿಂಡಿಯಿಂದ ಹೊರಗೆ ಹೋಗುತ್ತದೆ. ಸರಿಯಾಗಿ ಅಳವಡಿಸಿದ ಟಿಇಡಿ ಬಲೆಗೆ ಬಂದ ಆಮೆಗಳಲ್ಲಿ ಶೇ. 97ರಷ್ಟನ್ನು ಹೊರಬಿಡಬೇಕು ಎಂಬುದು ಅಮೆರಿಕದ ಮಾನದಂಡ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಮಾದರಿಯನ್ನು ರೂಪಿಸಿದೆ.

ಆದರೂ ಬಹಳಷ್ಟು ಬೋಟಿನವರು ಇದನ್ನು ಒಲ್ಲೆ ಎನ್ನುತ್ತಾರೆ. ಆಮೆಯ ಜೊತೆ ಹಿಡಿದ ಮೀನೂ ಕಿಂಡಿಯಿಂದ ಹೋಗುತ್ತದೆ, ಕಸ ಸಿಕ್ಕಿ ಚೌಕಟ್ಟು ಕಟ್ಟಿಕೊಳ್ಳುತ್ತದೆ ಎಂಬುದು ಅವರ ದೂರು. ಡೀಸೆಲ್ ದುಬಾರಿಯಾದ ಕಾಲದಲ್ಲಿ ಇದನ್ನು ಬರಿಯ ಹಠ ಎಂದು ತಳ್ಳಿಹಾಕುವಂತಿಲ್ಲ. ಇನ್ನೊಂದು ಕಡೆಯ ನಷ್ಟವೂ ದೊಡ್ಡದೇ. ಆಮೆಗಳ ರಕ್ಷಣೆಗೆ ತಕ್ಕ ವ್ಯವಸ್ಥೆ ಇಲ್ಲ ಎಂಬ ಕಾರಣಕ್ಕೆ 2019ರಲ್ಲಿ ಅಮೆರಿಕ ಭಾರತದ ಸಮುದ್ರದಲ್ಲಿ ಹಿಡಿದ ಸಿಗಡಿಯ ಆಮದನ್ನು ನಿಲ್ಲಿಸಿತು. ಒಂದು ಆಮೆಯ ಸಾವಿಗೂ ಬಂದರಿನಲ್ಲಿ ಸಿಗಡಿಗೆ ಸಿಗುವ ಬೆಲೆಗೂ ಹೀಗೆ ನೇರ ಸಂಬಂಧವಿದೆ.

ಬಲೆಯ ಜೊತೆಗೆ ಬೇರೆ ಅಪಾಯಗಳೂ ಇವೆ: ಕಡಲಲ್ಲಿ ಬಿಟ್ಟುಹೋದ ಹರಿದ ಬಲೆಗಳು, ನುಂಗಿದ ಪ್ಲಾಸ್ಟಿಕ್, ಬೋಟಿನ ಪ್ರೊಪೆಲ್ಲರ್ ಏಟು, ಕರಾವಳಿಯ ಕೊರೆತ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಡಲಾಮೆಗಳಿವೆ. ಅಂದರೆ ಹುಲಿ, ಆನೆಗಳಿಗೆ ಇರುವಷ್ಟೇ ರಕ್ಷಣೆ. ಆಮೆಯನ್ನು ಕೊಂದರೆ 3ರಿಂದ 7 ವರ್ಷ ಜೈಲು ಶಿಕ್ಷೆಯ ಜೊತೆಗೆ ದಂಡ ವಿಧಿಸಬಹುದು. ಮೊಟ್ಟೆ ಕದಿಯುವುದು, ಮಾರುವುದು, ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಒಡಿಶಾದಲ್ಲಿ ಪ್ರತಿ ವರ್ಷ ನವೆಂಬರ್ 1ರಿಂದ ಮೇ 31ರವರೆಗೆ ಧಾಮ್ರಾ, ದೇವಿ, ಋಷಿಕುಲ್ಯ ಅಳಿವೆಗಳ ಬಳಿ ತೀರದಿಂದ 20 ಕಿಲೋಮೀಟರ್‌ವರೆಗೆ ಮೀನುಗಾರಿಕೆಗೆ ನಿಷೇಧವಿದೆ.

ಆದರೆ ಗೂಡು ಎಲ್ಲಿದೆ ಎಂದು ಕಾನೂನಿಗೆ ಗೊತ್ತಿರುವುದಿಲ್ಲ. ಭಾರತದ ಕರಾವಳಿ ಸಾವಿರಾರು ಕಿಲೋಮೀಟರ್ ಉದ್ದವಿದೆ. ರಾತ್ರಿ ಎರಡು ಗಂಟೆಗೆ ಯಾವ ಊರಿನ ಮರಳಿನಲ್ಲಿ ಆಮೆ ಬಂತು ಎಂದು ನೋಡಲು ಅಷ್ಟು ಸಿಬ್ಬಂದಿ ಯಾವ ಇಲಾಖೆಯಲ್ಲೂ ಇಲ್ಲ. ಅದು ಮೊದಲು ಕಾಣುವುದು ಬೆಳಗಿನ ಜಾವ ಕಡಲಿಗಿಳಿಯುವ ಮೀನುಗಾರರಿಗೆ. ಅವರು ಆ ಗೂಡನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಜನ ಜೊತೆಯಾದಾಗ ಏನಾಯಿತು? ನಾಲ್ಕು ತೀರಗಳ ಕಥೆ

ವೇಳಾಸ್, ಮಹಾರಾಷ್ಟ್ರ: ರತ್ನಾಗಿರಿ ಜಿಲ್ಲೆಯ ಈ ಸಣ್ಣ ಹಳ್ಳಿಯಲ್ಲಿ ಆಮೆ ಮೊಟ್ಟೆಗಳು ಒಂದೋ ಜನರ ಪಾಲಾಗುತ್ತಿದ್ದವು, ಇಲ್ಲವೇ ನರಿ ನಾಯಿಗಳ ಪಾಲಾಗುತ್ತಿದ್ದವು. ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಇಲ್ಲಿ ಕೆಲಸ ಶುರು ಮಾಡಿತು. ಊರಿನವರಿಗೇ ಗೂಡು ಹುಡುಕಿ ಕಾಯುವ ಕೆಲಸ ಕೊಟ್ಟಿತು. ಕೆಲವು ವರ್ಷಗಳ ನಂತರ ಮರಿಗಳು ಕಡಲಿಗೆ ಹೋಗುವುದನ್ನು ನೋಡಲು ಆಮೆ ಉತ್ಸವ ಆರಂಭವಾಯಿತು. ಬಂದವರು ಹಳ್ಳಿಯ ಮನೆಗಳಲ್ಲೇ ಉಳಿದು, ಅಲ್ಲೇ ಊಟ ಮಾಡುತ್ತಾರೆ. ಮೊಟ್ಟೆ ಮಾರಿದರೆ ಸಿಗುವುದಕ್ಕಿಂತ ಮರಿ ಉಳಿಸಿದರೆ ಹೆಚ್ಚು ಆದಾಯ ಎಂಬುದು ಊರಿಗೆ ಲೆಕ್ಕದಲ್ಲೇ ಗೊತ್ತಾಯಿತು.

ಋಷಿಕುಲ್ಯ, ಒಡಿಶಾ: ಲಕ್ಷಗಟ್ಟಲೆ ಆಮೆಗಳು ಕೆಲವೇ ದಿನಗಳಲ್ಲಿ ಒಟ್ಟಿಗೆ ಬಂದು ಮೊಟ್ಟೆ ಇಡುವುದನ್ನು ‘ಅರಿಬಾಡಾ’ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಇದರ ಅರ್ಥ ಆಗಮನ. ಋಷಿಕುಲ್ಯದ ಅರಿಬಾಡಾ ವಿಜ್ಞಾನಿಗಳ ಗಮನಕ್ಕೆ ಬಂದದ್ದು 1994ರಲ್ಲಿ. ಅಂದಿನಿಂದ ಸುತ್ತಲಿನ ಮೀನುಗಾರ ಹಳ್ಳಿಗಳ ಯುವಕರು ಸಮಿತಿ ಕಟ್ಟಿಕೊಂಡು ಅರಣ್ಯ ಇಲಾಖೆಯ ಜೊತೆ ಕೆಲಸ ಮಾಡುತ್ತಿದ್ದಾರೆ. ದಾರಿ ತಪ್ಪಿ ಹಳ್ಳಿಯ ದೀಪಗಳ ಕಡೆ ಬಂದ ಮರಿಗಳನ್ನು ಕಡಲಿಗೆ ಮುಟ್ಟಿಸುವುದೂ ಅವರ ಕೆಲಸಗಳಲ್ಲೊಂದು.

ಚೆನ್ನೈ, ತಮಿಳುನಾಡು: ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ 1988ರಿಂದ ಇಲ್ಲಿ ಸಕ್ರಿಯವಾಗಿದೆ. ಮೊಟ್ಟೆಯ ಕಾಲದಲ್ಲಿ ಸ್ವಯಂಸೇವಕರು ರಾತ್ರಿಯಿಡೀ ನೀಲಾಂಕರೈನಿಂದ ಬೆಸೆಂಟ್ ನಗರದ ಕಡೆಗೆ ಮರಳಿನಲ್ಲಿ ನಡೆಯುತ್ತಾರೆ. ಸಾರ್ವಜನಿಕರನ್ನೂ ಕರೆದೊಯ್ಯುತ್ತಾರೆ. ಕಡಲಿನ ಬಗ್ಗೆ ಏನೂ ಗೊತ್ತಿಲ್ಲದ ನಗರದ ಮಕ್ಕಳಿಗೆ ಈ ನಡಿಗೆ ಒಂದು ದೊಡ್ಡ ಪಾಠ.

ಕೊಳಾವಿಪ್ಪಾಲಂ, ಕೇರಳ: ಕೋಳಿಕ್ಕೋಡ್ ಜಿಲ್ಲೆಯ ಪಯ್ಯೋಳಿ ಬಳಿಯ ಮೀನುಗಾರ ಯುವಕರು ಆಮೆಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಓದಿ 1992ರಲ್ಲಿ ‘ತೀರಂ’ ಎಂಬ ಸಂಘ ಕಟ್ಟಿದರು. ಗೂಡುಗಳನ್ನು ವರ್ಷಗಟ್ಟಲೆ ಕಾದರು. ಆದರೆ ಮರಳು ಗಣಿಗಾರಿಕೆ ಮತ್ತು ಕಡಲ್ಕೊರೆತದಿಂದ ಮರಳ ದಂಡೆಯೇ ಕರಗತೊಡಗಿತು. ಗೂಡುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಒಂದು ಲೇಖನ ಊರನ್ನೇ ಬದಲಿಸಬಲ್ಲದು ಎಂಬುದೂ, ತೀರವೇ ಉಳಿಯದಿದ್ದರೆ ತಿಳಿವಳಿಕೆ ಇದ್ದೂ ಪ್ರಯೋಜನವಿಲ್ಲ ಎಂಬುದೂ ಇಲ್ಲಿ ಒಟ್ಟಿಗೇ ಕಾಣುತ್ತದೆ.

ಕರ್ನಾಟಕದಲ್ಲಿ ಸ್ಥಿತಿ ಹೇಗಿದೆ?

ನಮ್ಮಲ್ಲಿ ಒಡಿಶಾದಂತೆ ಲಕ್ಷಗಟ್ಟಲೆ ಆಮೆಗಳು ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಎಂಬಂತೆ ಬಿಡಿ ಬಿಡಿಯಾಗಿ ಬರುತ್ತವೆ. ಉತ್ತರ ಕನ್ನಡದ ಕಾರವಾರ, ಹೊನ್ನಾವರ, ಉಡುಪಿ ಜಿಲ್ಲೆಯ ಕುಂದಾಪುರ ಕಡೆಯ ತೀರಗಳಲ್ಲಿ ಗೂಡುಗಳು ಸಿಗುತ್ತವೆ. ದಕ್ಷಿಣ ಕನ್ನಡದಲ್ಲಿ ಬಹಳ ಕಾಲ ಗೂಡುಗಳ ಸುದ್ದಿಯೇ ಇರಲಿಲ್ಲ. 2024ರ ಆರಂಭದಲ್ಲಿ ಮಂಗಳೂರು ಸುತ್ತಲಿನ ತಣ್ಣೀರುಬಾವಿ, ಸಸಿಹಿತ್ಲು ತೀರಗಳಲ್ಲಿ ಗೂಡುಗಳು ಪತ್ತೆಯಾದವು. ಅರಣ್ಯ ಇಲಾಖೆ ಬೇಲಿ ಹಾಕಿ ಸ್ಥಳೀಯರ ನೆರವಿನಿಂದ ಕಾದು ಮರಿಗಳನ್ನು ಕಡಲಿಗೆ ಬಿಟ್ಟಿತು.

ಗೂಡು ಬಿಡಿ ಬಿಡಿಯಾಗಿರುವುದರಿಂದಲೇ ನಮ್ಮಲ್ಲಿ ಊರವರ ಪಾತ್ರ ಇನ್ನೂ ದೊಡ್ಡದು. ಕುಂದಾಪುರ ಭಾಗದಲ್ಲಿ ಗೂಡು ತೋರಿಸಿ ಕಾಯುವ ಮೀನುಗಾರರಿಗೆ ಗೌರವಧನ ಕೊಡುವ ಪದ್ಧತಿ ಹಿಂದಿನಿಂದ ಇದೆ. ಆಮೆಯನ್ನು ಕೂರ್ಮಾವತಾರವೆಂದು ಕೈಮುಗಿದು ಬಲೆಯಿಂದ ಬಿಡಿಸಿ ಕಳಿಸುವ ಮೀನುಗಾರರೂ ಕರಾವಳಿಯಲ್ಲಿದ್ದಾರೆ. ಹೊರಗಿನಿಂದ ಹೋಗಿ ತಿಳಿವಳಿಕೆ ಕೊಡುವವರು ಈ ಭಾವನೆಯಿಂದಲೇ ಮಾತು ಶುರು ಮಾಡುವುದು ಒಳ್ಳೆಯದು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸಿದ ಮೀನುಗಾರರು ತಮ್ಮ ಜೀವನೋಪಾಯದ ಜೊತೆಗೆ, ಇದು ಆಮೆ ಮೊಟ್ಟೆ ಇಡುವ ತೀರ ಎಂಬ ವಾದವನ್ನೂ ಮುಂದಿಟ್ಟರು.

ಪೂರ್ವ ಮತ್ತು ಪಶ್ಚಿಮ ಕರಾವಳಿಯ ಆಮೆಗಳು ಬೇರೆ ಬೇರೆ ಎಂದುಕೊಳ್ಳುವಂತೆಯೂ ಇಲ್ಲ. 2021ರಲ್ಲಿ ಒಡಿಶಾದಲ್ಲಿ ಗುರುತಿನ ಬಿಲ್ಲೆ ಹಾಕಿದ್ದ ಹೆಣ್ಣು ಆಮೆಯೊಂದು 2025ರಲ್ಲಿ ಮಹಾರಾಷ್ಟ್ರದ ಗುಹಾಗರ್ ತೀರದಲ್ಲಿ ಮೊಟ್ಟೆ ಇಟ್ಟಿತು. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಹೋಗುವ ಆಮೆಗೆ ನಡುವೆ ಸಿಗುವುದು ನಮ್ಮ ಸಮುದ್ರವೇ.

ಸಾಮಾನ್ಯ ನಂಬಿಕೆಗಳು ಮತ್ತು ಸತ್ಯಗಳು

ನಂಬಿಕೆ: ಮೊಟ್ಟೆ ಇಡುವಾಗ ಆಮೆ ನೋವಿನಿಂದ ಅಳುತ್ತದೆ.
ಸತ್ಯ: ಕಣ್ಣಿನ ಬಳಿಯ ಗ್ರಂಥಿಗಳು ದೇಹದಲ್ಲಿರುವ ಹೆಚ್ಚಿನ ಉಪ್ಪನ್ನು ಹೊರಹಾಕುತ್ತವೆ. ನೀರಿನಲ್ಲಿದ್ದಾಗಲೂ ಇದು ನಡೆಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ನಂಬಿಕೆ: ಆಮೆ ಮೊಟ್ಟೆ, ಮಾಂಸ ತಿಂದರೆ ಶಕ್ತಿ ಬರುತ್ತದೆ, ಕಾಯಿಲೆ ವಾಸಿಯಾಗುತ್ತದೆ.
ಸತ್ಯ: ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಬದಲಾಗಿ ಕೆಲವು ಕಡಲಾಮೆಗಳ ಮಾಂಸ ವಿಷವಾಗಬಹುದು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ, ಇದಕ್ಕೆ ಪ್ರತಿವಿಷವೂ ಇಲ್ಲ. 2024ರ ಮಾರ್ಚ್‌ನಲ್ಲಿ ಝಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ ಕಡಲಾಮೆ ಮಾಂಸ ತಿಂದು ಎಂಟು ಮಕ್ಕಳು ಮತ್ತು ಒಬ್ಬ ಮಹಿಳೆ ಸತ್ತರು.

ನಂಬಿಕೆ: ಗೂಡು ಕಂಡರೆ ಮೊಟ್ಟೆ ತೆಗೆದು ಮನೆಯಲ್ಲಿ ಜೋಪಾನ ಮಾಡಬೇಕು.
ಸತ್ಯ: ಇಟ್ಟ ಕೆಲವು ಗಂಟೆಗಳಲ್ಲೇ ಭ್ರೂಣ ಮೊಟ್ಟೆಯ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ, ಅಲುಗಾಡಿಸಿದರೆ ಅದು ಸಾಯಬಹುದು. ಗೂಡನ್ನು ಇದ್ದಲ್ಲೇ ಕಾಯುವುದು ಮೊದಲ ಆಯ್ಕೆ. ಅಲೆ ಅಥವಾ ನಾಯಿಗಳ ಅಪಾಯ ಇದ್ದಾಗ ಮಾತ್ರ ತರಬೇತಿ ಪಡೆದವರು ಮೊಟ್ಟೆಗಳನ್ನು ಕಾವುಗೂಡಿಗೆ ಸಾಗಿಸುತ್ತಾರೆ.

ನಂಬಿಕೆ: ಮರಿಗಳನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟರೆ ಪುಣ್ಯ.
ಸತ್ಯ: ಅವು ತಾವಾಗಿಯೇ ಮರಳ ಮೇಲೆ ತೆವಳಿಕೊಂಡು ಕಡಲು ಸೇರಬೇಕು. ಬೆಳಕು, ಅಲೆ ಮತ್ತು ಭೂಮಿಯ ಕಾಂತಕ್ಷೇತ್ರದ ಸುಳಿವುಗಳಿಂದ ಅವು ದಿಕ್ಕು ಕಂಡುಕೊಳ್ಳುತ್ತವೆ. ಸೆಲ್ಫಿಗಾಗಿ ಹಿಡಿದಿಟ್ಟುಕೊಂಡಷ್ಟೂ ಮೊದಲ ಈಜಿಗೆ ಬೇಕಾದ ಶಕ್ತಿ ಕಳೆದುಹೋಗುತ್ತದೆ.

ನಂಬಿಕೆ: 2020ರ ಲಾಕ್‌ಡೌನ್‌ನಿಂದಾಗಿ ಒಡಿಶಾಕ್ಕೆ ಲಕ್ಷಾಂತರ ಆಮೆಗಳು ಮರಳಿ ಬಂದವು.
ಸತ್ಯ: ಈ ಸಂದೇಶ ಆಗ ವಾಟ್ಸಾಪ್‌ನಲ್ಲಿ ಬಹಳ ಹರಿದಾಡಿತು. ಆದರೆ ಅರಿಬಾಡಾ ಹೆಚ್ಚಿನ ವರ್ಷಗಳಲ್ಲಿ ನಡೆಯುವಂಥದ್ದೇ. ಆ ವರ್ಷವೂ ಲಾಕ್‌ಡೌನ್‌ಗೆ ಮೊದಲೇ ಆಮೆಗಳು ತೀರ ಸೇರತೊಡಗಿದ್ದವು. ಕೆಲವು ವರ್ಷ ಲಕ್ಷಗಟ್ಟಲೆ ಬರುತ್ತವೆ, ಕೆಲವು ವರ್ಷ ಬರುವುದೇ ಇಲ್ಲ. ಒಂದು ವರ್ಷದ ಸಂಖ್ಯೆ ನೋಡಿ ಆಮೆಗಳು ಉಳಿದವು ಅಥವಾ ಅಳಿದವು ಎನ್ನಲಾಗದು.

ತಿಳಿವಳಿಕೆ ಹೇಳುವುದೆಂದರೆ ಭಾಷಣವೇ?

ಶಾಲೆಯಲ್ಲಿ ಒಂದು ದಿನ ಸ್ಲೈಡ್ ತೋರಿಸಿ, ತೀರದಲ್ಲಿ ಒಂದು ಫಲಕ ನೆಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಮೇಲಿನ ತೀರಗಳನ್ನು ನೋಡಿದರೆ ಯಶಸ್ಸಿನ ಹಿಂದೆ ಬೇರೆ ಮೂರು ಸಂಗತಿಗಳು ಕಾಣುತ್ತವೆ.

ಮೊದಲನೆಯದು, ಊರಿನವರಿಗೆ ನಿಜವಾದ ಕೆಲಸ ಸಿಕ್ಕಿದೆ. ಗೂಡು ಹುಡುಕುವುದು, ಎಣಿಸುವುದು, ಮರಿ ಹೊರಬರುವ ದಿನ ಬರೆದಿಡುವುದು ಅವರ ಜವಾಬ್ದಾರಿ. ಕೇಳುಗರಾಗಿ ಉಳಿದವರಿಗಿಂತ ಲೆಕ್ಕ ಇಟ್ಟವರಿಗೆ ಆಮೆಯ ಮೇಲೆ ಹೆಚ್ಚು ಹಕ್ಕು, ಹೆಚ್ಚು ಕಾಳಜಿ.

ಎರಡನೆಯದು, ನಷ್ಟವನ್ನು ಒಪ್ಪಿಕೊಳ್ಳಲಾಗಿದೆ. ಸಿಕ್ಕಿದ ಆಮೆಯನ್ನು ಬಿಡಲು ಬಲೆ ಕತ್ತರಿಸಿದ ಮೀನುಗಾರನಿಗೆ ಸಾವಿರಾರು ರೂಪಾಯಿ ಹೊರೆ. ಮಹಾರಾಷ್ಟ್ರ ಸರ್ಕಾರ 2018ರಿಂದ ಇಂಥ ಬಲೆಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಿದೆ. ‘ಆಮೆ ಉಳಿಸಿ’ ಎಂದು ಹೇಳುವುದಕ್ಕೂ, ‘ಆಮೆ ಉಳಿಸಿ, ನಿಮ್ಮ ಬಲೆಯ ಹಣ ನಾವು ಕೊಡುತ್ತೇವೆ’ ಎಂದು ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೂರನೆಯದು, ಕೆಲಸ ನಿಂತಿಲ್ಲ. ಆಮೆ ದೊಡ್ಡದಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕು ಎಂದಮೇಲೆ ಎರಡು ವರ್ಷದ ಯೋಜನೆಯಿಂದ ಫಲ ನಿರೀಕ್ಷಿಸಲಾಗದು. ದಶಕಗಳ ರಕ್ಷಣೆಗೆ ಫಲ ಸಿಗುತ್ತದೆ ಎಂಬುದಕ್ಕೆ ಹಸಿರಾಮೆಯೇ ಉದಾಹರಣೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2025ರ ಅಕ್ಟೋಬರ್‌ನಲ್ಲಿ ಅದನ್ನು ‘ಅಳಿವಿನಂಚಿನಲ್ಲಿರುವ’ ವರ್ಗದಿಂದ ‘ಕನಿಷ್ಠ ಕಾಳಜಿ’ಯ ವರ್ಗಕ್ಕೆ ತಂದಿತು. ಆಲಿವ್ ರಿಡ್ಲೆ ಇನ್ನೂ ‘ಅಪಾಯಕ್ಕೆ ಈಡಾಗಬಲ್ಲ’ ವರ್ಗದಲ್ಲೇ ಇದೆ.

ನೀವು ಏನು ಮಾಡಬಹುದು?

• ನವೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ಕಡಲತೀರದಲ್ಲಿ ಟಾರ್ಚ್, ಕ್ಯಾಮೆರಾ ಫ್ಲ್ಯಾಶ್ ಬಳಸಬೇಡಿ. ಮರಳಿನ ಮೇಲೆ ವಾಹನ ಓಡಿಸಬೇಡಿ.
• ಮೊಟ್ಟೆ ಇಡಲು ಬಂದ ಆಮೆ ಕಂಡರೆ ದೂರದಲ್ಲಿ, ಅದರ ಹಿಂದೆ, ಸದ್ದಿಲ್ಲದೆ ನಿಲ್ಲಿ. ಎದುರಿಗೆ ಹೋದರೆ ಅದು ಮೊಟ್ಟೆ ಇಡದೆ ಮರಳಬಹುದು.
• ಟ್ರ್ಯಾಕ್ಟರ್ ಚಕ್ರದ ಗುರುತಿನಂತಹ ಜಾಡು ಅಲೆಯಿಂದ ಮೇಲಕ್ಕೆ ಬಂದಿದ್ದರೆ ಹತ್ತಿರ ಗೂಡು ಇರಬಹುದು. ಅಗೆಯಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.
• ತೀರದಲ್ಲಿ ಮನೆ, ಹೋಟೆಲ್, ಹೋಂಸ್ಟೇ ಇದ್ದರೆ ಕಡಲಿಗೆ ಕಾಣುವ ದೀಪಗಳನ್ನು ಈ ತಿಂಗಳುಗಳಲ್ಲಿ ಆರಿಸಿ ಅಥವಾ ಮರೆ ಮಾಡಿ.
• ಗೂಡಿನ ಬಳಿ ಊಟದ ಎಲೆ, ಮೀನಿನ ತ್ಯಾಜ್ಯ ಎಸೆಯಬೇಡಿ. ಅದು ನಾಯಿಗಳನ್ನು ಕರೆತರುತ್ತದೆ.
• ಬೋಟಿನವರಾದರೆ, ಬಲೆಯಲ್ಲಿ ಬಂದ ಆಮೆ ಅಲ್ಲಾಡದಿದ್ದರೂ ಸತ್ತಿದೆ ಎಂದು ತಕ್ಷಣ ನೀರಿಗೆ ಎಸೆಯಬೇಡಿ. ಹೊಟ್ಟೆ ಕೆಳಗೆ ಬರುವಂತೆ ಮಲಗಿಸಿ, ಹಿಂಭಾಗವನ್ನು ಸ್ವಲ್ಪ ಎತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿಡಿ. ಶ್ವಾಸಕೋಶದ ನೀರು ಇಳಿದು, ಕೆಲವು ಗಂಟೆಗಳಲ್ಲಿ ಅದು ಚೇತರಿಸಿಕೊಳ್ಳಬಹುದು. ಚೇತರಿಸಿದ ಮೇಲೆ ಎಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಮೆಲ್ಲಗೆ ನೀರಿಗೆ ಬಿಡಿ.
• ಹರಿದ ಬಲೆಯನ್ನು ಕಡಲಿಗೆ ಬಿಡದೆ ದಡಕ್ಕೆ ತನ್ನಿ.
• ಸತ್ತ ಆಮೆ ಕಂಡರೂ ಇಲಾಖೆಗೆ ತಿಳಿಸಿ. ಎಲ್ಲಿ, ಯಾವಾಗ, ಎಷ್ಟು ಸತ್ತವು ಎಂಬ ಮಾಹಿತಿಯಿಂದಲೇ ಕಾರಣ ಹುಡುಕಲು ಸಾಧ್ಯ.

ಚೆನ್ನೈಯ ಸಾವಿರ ಆಮೆಗಳು ಮತ್ತು ಋಷಿಕುಲ್ಯದ ಆರು ಲಕ್ಷ ಆಮೆಗಳು ಒಂದೇ ಬಂಗಾಳ ಕೊಲ್ಲಿಯವು. ತೀರದಲ್ಲಿ ಗೂಡು ಕಾಯುವ ಕೆಲಸ ಹಲವು ಕಡೆ ಚೆನ್ನಾಗಿ ನಡೆದಿದೆ. ಬಲೆಯ ವಿಷಯದಲ್ಲಿ ಆಗಬೇಕಾದದ್ದು ಇನ್ನೂ ಬಹಳಷ್ಟಿದೆ. ಅದು ಬೋಟಿನವರನ್ನು ಅಪರಾಧಿಗಳಂತೆ ನೋಡಿದರೆ ಆಗುವ ಕೆಲಸವಲ್ಲ. ಗೂಡು ಕಾಯುವಾಗ ಊರವರನ್ನು ಹೇಗೆ ಜೊತೆಗೆ ಸೇರಿಸಿಕೊಂಡರೋ, ಬಲೆಯ ಮಾತಿನಲ್ಲೂ ಮೀನುಗಾರರನ್ನು ಹಾಗೆಯೇ ಸೇರಿಸಿಕೊಳ್ಳಬೇಕಾಗಿದೆ.